ಕೇರಿಯ ಒಲೆಗೆ ಯಾವ ಋತು?

ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಬಹಳಷ್ಟು ಮಾತು ಅಡುಗೆಮನೆಯಿಂದ ಬಂದದ್ದು. ರಸ, ರುಚಿ, ಅಭಿರುಚಿ, ಆಸ್ವಾದ, ಚರ್ವಣ. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸ ಅಂದರೇನು ಎಂದು ವಿವರಿಸಲು ಭರತ ಹಿಡಿಯುವ ದೃಷ್ಟಾಂತವೇ ಊಟದ್ದು. ನಾನಾ ವ್ಯಂಜನಗಳಿಂದ ಹದಗೊಂಡ ಅನ್ನವನ್ನು ಸುಮನಸರು ಸವಿಯುವಂತೆ ಪ್ರೇಕ್ಷಕರು ಭಾವವನ್ನು ಸವಿಯುತ್ತಾರೆ ಎಂದು ಅವನ ವಾದ. ಈ ಸುಮನಸರು ಯಾರು? ನಾನಾ ವ್ಯಂಜನ ಇದ್ದ ಮನೆಯವರು. ಉಪ್ಪು-ಖಾರ ಬಿಟ್ಟರೆ ಬೇರೆ ವ್ಯಂಜನ ಇಲ್ಲದ ಮನೆಯವನಿಗೆ ರಸ ಇಲ್ಲವೆ? ದಲಿತ ವಿಮರ್ಶೆ ಈ ಪ್ರಶ್ನೆಯನ್ನು ವೇದಿಕೆಯ ಮೇಲೆ ನಿಂತು ಕೇಳಿದೆ. ಒಲೆಯ ಮುಂದೆ ಕೂತು ಕೇಳಿದ್ದು ಕಡಿಮೆ.

ಬೂಸಾ ಪ್ರಕರಣವನ್ನೇ ತೆಗೆದುಕೊಳ್ಳಿ. ೧೯೭೩ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ರಾಜ್ಯ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ಆ ಮಾತಿನ ಪರ-ವಿರೋಧ ಸಾಕಷ್ಟು ಬರೆದಿದ್ದೇವೆ. ಆದರೆ ಬೂಸಾ ಎಂಬ ವಸ್ತುವಿನ ಬಗ್ಗೆ ಯಾರೂ ಬರೆಯಲಿಲ್ಲ. ಬೂಸಾ ಅಂದರೆ ಕಾಳಿನ ಹೊಟ್ಟು, ದನದ ಮೇವು. ಖಾನಾಪುರ ಕಡೆ ಗೌಡರ ಮನೆಯಲ್ಲಿ ಭತ್ತ ಕುಟ್ಟಲು ಹೋದ ಹೆಂಗಸರು ಕೂಲಿಯಾಗಿ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದುದು ನುಚ್ಚಕ್ಕಿ, ಅದರ ಜೊತೆ ಒಂದಷ್ಟು ತೌಡು. ಅಕ್ಕಿ ಅಲ್ಲೇ ಉಳಿಯುತ್ತಿತ್ತು. ಆ ತೌಡನ್ನೇ ಜರಡಿ ಹಿಡಿದು, ಬೆಲ್ಲ ಸಿಕ್ಕರೆ ಬೆಲ್ಲ, ಇಲ್ಲದಿದ್ದರೆ ಉಪ್ಪು ಹಾಕಿ ರೊಟ್ಟಿ ತಟ್ಟಿದ್ದನ್ನು ನಮ್ಮವ್ವ ಹೇಳುತ್ತಾಳೆ. ದನದ ಮೇವಿಗೂ ಮನುಷ್ಯನ ಕೂಳಿಗೂ ನಡುವೆ ಒಂದು ಜರಡಿಯಷ್ಟೇ ಅಂತರ ಇದ್ದ ಕಡೆಯಲ್ಲಿ 'ಬೂಸಾ' ಬೈಗುಳವೂ ಹೌದು, ನೆನಪೂ ಹೌದು.

ಈಗ ನಮ್ಮ ಕಡೆಗೆ ಬರೋಣ. ಬೆಳಗಾವಿಯಿಂದ ಖಾನಾಪುರ ೨೫-೨೬ ಕಿಲೋಮೀಟರು, ಪ್ಯಾಸೆಂಜರ್ ರೈಲಿನಲ್ಲಿ ಒಂದು ತೂಕಡಿಕೆಯ ದಾರಿ. ಆದರೆ ಊಟದ ಲೆಕ್ಕದಲ್ಲಿ ಇದು ಎರಡು ದೇಶ. ಖಾನಾಪುರ ತಾಲೂಕಿನ ಪಶ್ಚಿಮದ ಅಂಚು ಸಹ್ಯಾದ್ರಿ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಬೆಳಗಾವಿ ನಗರಕ್ಕೆ ವರ್ಷಕ್ಕೆ ೧,೨೦೦ ಮಿಲಿಮೀಟರು ಮೀರಿ ಮಳೆ, ಪೂರ್ವದ ಸವದತ್ತಿಗೆ ಹೋದರೆ ಅದರ ಅರ್ಧದಷ್ಟು. ಅಲ್ಲಿ ಭತ್ತ, ಗುಡ್ಡದ ಓರೆಯಲ್ಲಿ ನಾಚಣಿ; ಇಲ್ಲಿ ಎರೆಮಣ್ಣಿನ ಜೋಳ; ನಡುವೆ ಬೆಳಗಾವಿಯ ಸುತ್ತ ಬಾಸುಮತಿ, ಅದು ಕೊಯ್ದ ಮೇಲೆ ಅದೇ ಹೊಲದಲ್ಲಿ ಮಸೂರ, ವಟಾಣಿ. ನಮ್ಮವ್ವ ಖಾನಾಪುರ ಕಡೆಯಾಕಿ, ಲಗ್ನಾಗಿ ಬೆಳಗಾವಿಗೆ ಬಂದಾಕಿ. ರೊಟ್ಟಿ ಬಡಿಯಲು ಬಾರದೆ ಅತ್ತೆಯಿಂದ ಬೈಸಿಕೊಂಡ ಮೊದಲ ವರ್ಷವನ್ನು ಈಗಲೂ ನಕ್ಕು ಹೇಳುತ್ತಾಳೆ. ಹಾಗಾಗಿ ಎರಡೂ ಒಲೆಯ ಲೆಕ್ಕ ಆಕೆಗೆ ಗೊತ್ತು.

ಅಡುಗೆ ಪುಸ್ತಕಗಳಲ್ಲಿ ಮಳೆಗಾಲ ಅಂದರೆ ಬಿಸಿ ಭಜಿ, ಹಪ್ಪಳ. ಕೇರಿಯ ಮಳೆಗಾಲ ಎರಡು ತುಂಡು. ಮಿರಗ ಕೂಡಿ ನಾಟಿ ಮುಗಿಯುವವರೆಗೆ ಒಂದು, ನಾಟಿ ಮುಗಿದು ಸುಗ್ಗಿ ಬರುವವರೆಗೆ ಇನ್ನೊಂದು. ಮೊದಲನೆಯದರಲ್ಲಿ ಮೈಯೆಲ್ಲ ಕೆಸರು, ಆದರೆ ಹೊಟ್ಟೆಗೆ ದಾರಿ ಇತ್ತು. ಗದ್ದೆಯ ಬದುವಿನಲ್ಲಿ ಏಡಿ, ಹಳ್ಳದಿಂದ ಗದ್ದೆಗೆ ಏರಿ ಬಂದ ಸಣ್ಣ ಮೀನು, ಬೇಲಿಯ ಬುಡದಲ್ಲಿ ತಗಚಿ ಸೊಪ್ಪು, ಕೆಸುವಿನ ಎಲೆ, ಗುಡುಗು ಹೊಡೆದ ಮರುದಿನ ಅಣಬೆ, ಬಿದಿರು ಮೆಳೆಯಲ್ಲಿ ಕಳಲೆ. ಏಡಿಯನ್ನು ಕಾಲುಸಹಿತ ಒರಳಿಗೆ ಹಾಕಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಆ ರಸಕ್ಕೆ ಹುಣಸೆ, ಬೆಳ್ಳೊಳ್ಳಿ, ಖಾರ ಹಾಕಿ ಕುದಿಸಿದ ಸಾರು ಕೆಮ್ಮು-ನೆಗಡಿಗೆ ಔಷಧಿ ಎಂದೂ ಕೊಡುತ್ತಿದ್ದರು. ಇವು ಯಾವುದಕ್ಕೂ ದುಡ್ಡು ಬೇಡ, ಗೌಡನ ಅಪ್ಪಣೆಯೂ ಬಹುತೇಕ ಬೇಡ. ಬಹುತೇಕ ಅಂದೆ, ಯಾಕಂದರೆ ಕಾಡು ಅರಣ್ಯ ಇಲಾಖೆಯದು, ಬದುವು ಗದ್ದೆಯವನದು. ಕಳಲೆ ಕಿತ್ತವಳ ಬುಟ್ಟಿ ಕಸಿದದ್ದೂ ಉಂಟು.

ಎರಡನೆಯ ತುಂಡು ಶ್ರಾವಣ-ಭಾದ್ರಪದ. ಊರೊಳಗೆ ಇದು ವ್ರತದ ತಿಂಗಳು. ಸೋಮವಾರ ಉಪವಾಸ, ಶನಿವಾರ ಒಪ್ಪತ್ತು, ಮಾಂಸ ಮುಟ್ಟುವಂತಿಲ್ಲ. ಕೇರಿಯಲ್ಲಿ ಕೆಲಸವೇ ಇಲ್ಲ. "ಆಷಾಢದಾಗ ಕೆಲಸನೂ ಇರತಿತ್ತು ಕೂಳೂ ಇರತಿತ್ತು. ಶ್ರಾವಣದಾಗ ಎರಡೂ ಇರತಿದ್ದಿಲ್ಲ" ಅನ್ನುತ್ತಾಳೆ ಅವ್ವ. ಉಂಡವರು ಉಪವಾಸ ಮಾಡಿ ಪುಣ್ಯ ಗಳಿಸುತ್ತಿದ್ದ ತಿಂಗಳಲ್ಲೇ ಉಣ್ಣದವರು ಪುಣ್ಯವಿಲ್ಲದ ಉಪವಾಸ ಮಾಡುತ್ತಿದ್ದರು. ನಾಗಪಂಚಮಿಯ ಉಂಡಿ ಕೇರಿಗೆ ಬರುತ್ತಿದ್ದುದು ಸೆರಗೊಡ್ಡಿದಾಗ, ಅದೂ ದೂರದಿಂದ ಬಿದ್ದದ್ದು. ನಾಚಣಿ ಅಂಬಲಿ, ಹುರಳಿ ಕಟ್ಟು, ಖಾನಾಪುರದ ಸಂತೆಯಲ್ಲಿ ಬೇಸಿಗೆಗೇ ಕೊಂಡಿಟ್ಟ ಒಣ ಬೊಂಬಿಲ ಈ ಎರಡು ತಿಂಗಳ ಆಧಾರ. ಅದೇ ಅಂಬಲಿಗೆ ಈಗ ಸಿರಿಧಾನ್ಯ ಎಂಬ ಹೊಸ ಹೆಸರು. ೨೦೨೩ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವ ಉಂಡ ಕಥೆಯನ್ನು ಪುರಾಣ-ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಶಿವ ಉಂಡ, ನಿಜ. ಭಕ್ತರು ಇನ್ನೂ ಉಣ್ಣಬೇಕಾಗಿದೆ.

ಇನ್ನೊಂದು ಆಧಾರವೂ ಇತ್ತು. ಅದನ್ನು ಹೇಳದೆ ಈ ಲೇಖನ ಪೂರ್ತಿಯಾಗದು. ಬೇಸಿಗೆಯ ಕೊನೆಗೆ ಮೇವು ಮುಗಿದಾಗ ಊರಲ್ಲಿ ಮುದಿ ದನ ಸಾಯುತ್ತವೆ. ಸತ್ತ ದನ ಎಳೆಯುವುದು ಕೇರಿಯ ಬಿಟ್ಟಿ, ಅದರ ಖಂಡ ಕೇರಿಯ 'ಹಕ್ಕು'. ಒಮ್ಮೆಗೆ ತಿಂದು ಮುಗಿಯದ್ದನ್ನು ಉದ್ದುದ್ದ ಪಟ್ಟಿ ಕೊಯ್ದು, ಉಪ್ಪು-ಅರಿಶಿಣ ಸವರಿ, ವೈಶಾಖದ ಬಿಸಿಲಿಗೆ ಹಗ್ಗದ ಮೇಲೆ ಒಣಹಾಕುತ್ತಿದ್ದರು. ಒಣಗಿದ್ದು ಮಣ್ಣಿನ ಗಡಿಗೆಯಲ್ಲಿ ಮಳೆಗಾಲದವರೆಗೆ ಕೆಡುತ್ತಿದ್ದಿಲ್ಲ. ಶ್ರಾವಣದಲ್ಲಿ ಎರಡು ತುಂಡು ಕೆಂಡದ ಮೇಲೆ ಸುಟ್ಟು, ಜಜ್ಜಿ, ಉಳ್ಳಾಗಡ್ಡಿ-ಖಾರ ಹಾಕಿ ಕುದಿಸಿದರೆ ಇಡೀ ಮನೆಗೆ ಸಾರು. ಅಂದರೆ ಊರಿನ ಬೇಸಿಗೆಯ ನಷ್ಟ ಕೇರಿಯ ಮಳೆಗಾಲದ ದಾಸ್ತಾನು. ಕೇರಿಯ ಪಂಚಾಂಗ ಹೀಗೆ ಊರಿನ ಪಂಚಾಂಗಕ್ಕೆ ತಲೆಕೆಳಗಾಗಿ ಜೋತುಬಿದ್ದಿತ್ತು. ಇದನ್ನು ಬರಿಯ ಹಸಿವಿನ ಕಥೆ ಅನ್ನುವ ಹಾಗಿಲ್ಲ. ಕೆಡದಂತೆ ಕಾಯುವ ವಿದ್ಯೆ ಇದೆ ಇದರಲ್ಲಿ, ಹದ ಇದೆ. ಇದನ್ನು ಬರಿಯ ವಿದ್ಯೆ ಅಂದು ಹೊಗಳುವಂತೆಯೂ ಇಲ್ಲ. ಬಿಟ್ಟಿ ಇದೆ ಇದರ ಬುಡದಲ್ಲಿ.

ಬಾಬಾಸಾಹೇಬರಿಗೆ ಈ ಬುಡ ಗೊತ್ತಿತ್ತು. ೧೯೨೫ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದವರು ೧೯೨೭ರ ಮಾರ್ಚಿನಲ್ಲಿ ಮಹಾಡದಲ್ಲಿ ನಿಂತು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದರು. ೧೯೪೮ರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಅಸ್ಪೃಶ್ಯತೆಯ ಹುಟ್ಟನ್ನೇ ಗೋಮಾಂಸದ ಪ್ರಶ್ನೆಗೆ ತಂದು ಕೂಡಿಸಿದರು. ಗಡಿಭಾಗದ ಮಹಾರರ ಕೇರಿಗಳಿಗೆ ಆ ಕರೆ ಮರಾಠಿಯಲ್ಲಿ ನೇರ ಮುಟ್ಟಿತು, ಕನ್ನಡದ ಕೇರಿಗಳಿಗೆ ತಡವಾಗಿ. ಬಿಟ್ಟವರೂ ಬಿಡದವರೂ ಆಗಿ ಕೇರಿಗಳು ಒಡೆದದ್ದೂ ಇದೆ. ಹೊಲೆಯ, ಮಾದಿಗ, ಮಹಾರ, ಸಮಗಾರ, ಢೋರ ಎಲ್ಲರ ಒಲೆ ಒಂದೇ ಎಂದು ನಾವು ಬರೆಯುತ್ತೇವೆ. ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದ ಕಾಲ ಅಷ್ಟೇನೂ ಹಿಂದಿನದಲ್ಲ.

ಇವತ್ತು ಗಾಳಿ ಬೇರೆ ದಿಕ್ಕಿಗೆ ಬೀಸಿದೆ. ೨೦೧೨ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ದನದ ಮಾಂಸದ ಹಬ್ಬ ಮಾಡಿದರು. ಪುಣೆಯಲ್ಲಿ ಶರ್ಮಿಳಾ ರೇಗೆ ಮತ್ತು ಅವರ ವಿದ್ಯಾರ್ಥಿಗಳು ೨೦೦೯ರಲ್ಲೇ ದಲಿತರ ಊಟದ ನೆನಪುಗಳನ್ನು ಸಂಗ್ರಹಿಸಿದರು. ಮರಾಠವಾಡದ ಶಾಹು ಪಾಟೋಳೆ ೨೦೧೫ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದರು. ಊಟದ ಮುಂಚೆ ಅನ್ನ ಪೂರ್ಣಬ್ರಹ್ಮ ಅನ್ನುವವರಿಗೆ ಒಂದೇ ಅಕ್ಷರದಲ್ಲಿ ಕೊಟ್ಟ ಉತ್ತರ ಅದು. ಕನ್ನಡದಲ್ಲಿ ಅಂಥದೊಂದು ಅಡುಗೆ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ನಮ್ಮ ಆತ್ಮಕಥೆಗಳಲ್ಲಿ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (೧೯೯೪) ಮೊದಲಾಗಿ, ಊಟ ಬರುವುದು ಬಹುಮಟ್ಟಿಗೆ ಅವಮಾನದ ಸಾಕ್ಷಿಯಾಗಿ. ಹೇಗೆ ಬೇಯಿಸಿದರು ಎಂಬುದು ಅಪರೂಪ. ದೇವನೂರರ 'ಒಡಲಾಳ'ದಲ್ಲಿ ಕಡಲೇಕಾಯಿ ತಿನ್ನುವ ರಾತ್ರಿಯೊಂದಿದೆ. ಹಸಿವೂ ಸಂಭ್ರಮವೂ ಒಂದೇ ಒಲೆಯ ಸುತ್ತ ಕೂಡುವ ಅಂಥ ಬರಹ ಇನ್ನಷ್ಟು ಬೇಕಿತ್ತು.

ನಮ್ಮ ಮನೆಯಲ್ಲಿ ಈ ಜಗಳ ನಡೆದಿದೆ. ಅಪ್ಪ ಬಾಬಾಸಾಹೇಬರ ಫೋಟೋ ಗೋಡೆಗೆ ಹಾಕಿದ ದಿನ ಒಣಖಂಡದ ಗಡಿಗೆ ಒಡೆದ. ಅವ್ವ ಅವತ್ತಿನಿಂದ ಮಾಡಿಲ್ಲ. ಈಗ ಕಾಲೇಜು ಓದುವ ನನ್ನ ತಂಗಿಯ ಮಗ ಒಂದು ಆಹಾರ ಮೇಳಕ್ಕೆ ಆ ಸಾರು ಮಾಡುವ ರೀತಿ ಬರಕೊಳ್ಳಲು ಬಂದ. "ಆಯಿ, ಹೇಳ, ಅದು ನಮ್ಮ ಸಂಸ್ಕೃತಿ" ಅಂದ. ಆಕೆ ಹೇಳಲಿಲ್ಲ. "ನಿಮ್ಮಜ್ಜ ಬಿಡಸಿದ್ದನ್ನ ನೀ ಹಚ್ಚತೀಯೇನು?" ಅಂದಳು. ಇಬ್ಬರದೂ ಮಾನದ ಪ್ರಶ್ನೆ. ಒಬ್ಬಳಿಗೆ ಬಿಟ್ಟದ್ದು ಮಾನ, ಇನ್ನೊಬ್ಬನಿಗೆ ಹಿಡಿದದ್ದು ಮಾನ. ಕೊಯ್ದು ಮಾರುವ ಖಂಡಕ್ಕೂ ಸತ್ತ ದನದ ಖಂಡಕ್ಕೂ ನಡುವಿನ ಭೇದವನ್ನು ಹುಡುಗ ವಿವರಿಸಿದ. ಆಕೆಗೆ ಆ ಭೇದ ನಮಗಿಂತ ಚೆನ್ನಾಗಿ ಗೊತ್ತು. ಈ ನಡುವೆ ಸರಕಾರ ತನ್ನ ಉತ್ತರ ಕೊಟ್ಟುಬಿಟ್ಟಿತು. ೧೯೬೪ರ ಕಾಯ್ದೆ ೧೨ ವರ್ಷ ದಾಟಿದ ಎತ್ತು-ಎಮ್ಮೆ-ಕೋಣಗಳಿಗೆ ಅವಕಾಶ ಇಟ್ಟಿತ್ತು. ೨೦೨೧ರಲ್ಲಿ ಜಾರಿಗೆ ಬಂದದ್ದು ೧೩ ದಾಟಿದ ಎಮ್ಮೆ-ಕೋಣವನ್ನಷ್ಟೇ ಉಳಿಸಿತು. ಬಿಡುವುದು ನಮ್ಮ ನಿರ್ಧಾರವಾಗಿದ್ದಾಗ ಅದು ಚಳವಳಿ. ಬಿಡಿಸುವುದು ಪೊಲೀಸರ ಕೆಲಸವಾದಾಗ ಅದಕ್ಕೆ ಬೇರೆ ಹೆಸರು.

ಚಳಿಗಾಲದ ಮಾತು ಬೇಗ ಮುಗಿಯುತ್ತದೆ, ಯಾಕಂದರೆ ಅದು ಉಂಡ ಕಾಲ. ಕಣದಲ್ಲಿ ರಾಶಿ ಬಿದ್ದಾಗ ಆಯದ ಕಾಳು, ಭತ್ತ ಕೊಯ್ದ ಕೂಲಿ, ಹೊಲದಲ್ಲಿ ಆರಿಸಿಕೊಂಡ ತೆನೆ. ಬೆಳಗಾವಿಯ ಮಸೂರ ಉಸುಳಿ, ಗೆಣಸು ಸುಟ್ಟದ್ದು, ಹಸಿ ಹಕ್ಕರಿಕೆ ರೊಟ್ಟಿಯ ಮೇಲೆ. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹಬ್ಬವನ್ನು ನಮ್ಮ ಜಾನಪದ ವಿದ್ವಾಂಸರು ರೈತರ ಹಬ್ಬ ಎಂದು ಬಣ್ಣಿಸುತ್ತಾರೆ. ಚರಗ ಚೆಲ್ಲಾಕ ಹೊಲ ಬೇಕಲ್ಲರೀ! ಭೂಮಿತಾಯಿಗೆ ಉಣಿಸುವ ಹಕ್ಕೂ ಪಹಣಿ ಪತ್ರಿಕೆಯಲ್ಲಿ ಹೆಸರಿದ್ದವರದು. ಇನ್ನು ಬಾಸುಮತಿ. ಬೆಳಗಾವಿಯ ಬಾಸುಮತಿ ಸುತ್ತ ಹೆಸರುವಾಸಿ. ನಾಟಿ ಹಚ್ಚಿದ ಕೈಗಳ ಮನೆಯಲ್ಲಿ ಅದರ ಘಮ ಬರುತ್ತಿದ್ದುದು ಗಾಳಿ ಬೀಸಿದಾಗ.

ಒಳ್ಳೆಯದನ್ನು ಉಂಡರೆ ಏನಾಗುತ್ತದೆ ಎಂಬುದಕ್ಕೆ 'ಜಾತಿ ವಿನಾಶ' (೧೯೩೬) ಓದಿ. ಜಯಪುರ ಸಂಸ್ಥಾನದ ಚಕ್ವಾರಾದಲ್ಲಿ ಯಾತ್ರೆಯಿಂದ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ತುಪ್ಪದ ಊಟ ಹಾಕಿದ. ಸವರ್ಣರು ಬಡಿಗೆ ಹಿಡಿದು ಬಂದು ಅನ್ನ ಕೆಡಿಸಿ, ಉಣ್ಣುತ್ತಿದ್ದವರನ್ನು ಹೊಡೆದರು. ಎಂಜಲು ತಿಂದರೆ ಹೇಸಿಗೆ, ತುಪ್ಪ ತಿಂದರೆ ಸೊಕ್ಕು. ಈ ಎರಡರ ನಡುವೆ ಅಡುಗೆ ಮಾಡುವವಳಿಗೆ ಉಳಿದ ಜಾಗ ಎಷ್ಟು?

ಬೇಸಿಗೆಗೆ ಕವಳಿ, ನೇರಳೆ, ಹಲಸು, ಗೇರು. ಖಾನಾಪುರದ ಕಾಡಂಚಿನ ಹೆಂಗಸರು ಬುಟ್ಟಿ ಹೊತ್ತು ಬೆಳಗಾವಿಗೆ ಬಂದು ಮಾರಿ, ಆ ದುಡ್ಡಿಗೆ ಸಂಕೇಶ್ವರ ಮೆಣಸಿನಕಾಯಿ ಕೊಂಡು ಒಯ್ಯುತ್ತಿದ್ದರು. ವರ್ಷದ ಖಾರಪುಡಿ ಕುಟ್ಟುವ ಕಾಲ ಇದೇ. ದೇವಿಯ ಜಾತ್ರೆಗಳೂ ಈಗಲೇ. ಜಾತ್ರೆಯ ಕೋಣದ ಪಾಲು ಕೇರಿಗೆ ಬರುತ್ತಿದ್ದ ಪದ್ಧತಿಗೆ ೧೯೫೯ರ ಪ್ರಾಣಿಬಲಿ ನಿಷೇಧ ಕಾಯ್ದೆ ಅಡ್ಡ ಬಂತು. ಕುರಿಯ ಊಟ ಮಾತ್ರ ಮನೆ ಮನೆಯಲ್ಲಿ ಮುಂದುವರಿಯಿತು, ಅದರ ಸಾಲವೂ.

ನಗರದ ಒಲೆ ಬೇರೆ ಕಥೆ. ಬೆಳಗಾವಿ ಅಂದರೆ ಜನ ಕುಂದಾ ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನಿಂದ ಹೊರಬಿದ್ದರೆ ಲಿಂಗಾಯತ ಖಾನಾವಳಿ ಇದೆ, ಸಾವಜಿ ಖಾನಾವಳಿ ಇದೆ. ಮಾದರ ಖಾನಾವಳಿ ಎಂಬ ಬೋರ್ಡು ಕಂಡವರು ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ೨೦೧೩ರ ಅನ್ನಭಾಗ್ಯ ಬಂದ ಮೇಲೆ ಶ್ರಾವಣದ ಹೆದರಿಕೆ ದೊಡ್ಡ ಮಟ್ಟಿಗೆ ಹೋಯಿತು. ಅದನ್ನು ಸಣ್ಣದು ಅನ್ನುವವರು ಹಸಿದು ನೋಡಿಲ್ಲ. ಆದರೆ ರೇಶನ್ ಅಕ್ಕಿಯ ಜೊತೆ ಹಚ್ಚಿಕೊಳ್ಳುವ ಏಡಿ, ತಗಚಿ, ಹಕ್ಕರಿಕೆ ಕೇರಿಯಿಂದ ದೂರವಾಗುತ್ತಿವೆ. ಔಷಧಿ ಹೊಡೆದ ಗದ್ದೆಯಲ್ಲಿ ಏಡಿ ಎಲ್ಲಿಂದ ಬರಬೇಕು?

ಕೊನೆಗೆ ಒಂದು ಮಾತು, ಗಂಡಸು ವಿಮರ್ಶಕರಾದ ನಮಗೆ. ಊರು ಕೇರಿಗೆ ಕೊನೆಯ ಪಾಲು ಕೊಟ್ಟಿತೆಂದು ಇಷ್ಟು ಬರೆದೆ. ಅವ್ವ ಎಲ್ಲರಿಗೂ ನೀಡಿದ ಮೇಲೆ, ತಳಕ್ಕೆ ಹತ್ತಿದ ಅನ್ನದ ಗಡಿಗೆಗೆ ಎರಡು ಹನಿ ನೀರು ಹಾಕಿ, ಉಪ್ಪು ಕಲಿಸಿ, ಅದೇ ಗಡಿಗೆಯಲ್ಲಿ ಉಣ್ಣುತ್ತಿದ್ದಳು. "ತಳದ್ದ ನನಗ ರುಚಿ" ಅನ್ನುತ್ತಿದ್ದಳು. ನಾನು ಅದನ್ನು ಎಷ್ಟೋ ವರ್ಷ ನಂಬಿದ್ದೆ.