ಕನ್ನಡಕ ತೆಗೆದ ಅರೆ ನಿಮಿಷ

1948ರಲ್ಲಿ ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೊ ಒಂದು ವಿಚಿತ್ರ ಪ್ರಚಾರಕ್ಕೆ ಇಳಿಯಿತು. ಅದುವರೆಗೆ ಕಾಮಿಕ್ಸ್ ಪುಟಗಳಲ್ಲಿ, ರೇಡಿಯೊದಲ್ಲಿ, ಕಾರ್ಟೂನುಗಳಲ್ಲಿ ಮಾತ್ರ ಇದ್ದ ಸೂಪರ್‌ಮ್ಯಾನ್ ಮೊದಲ ಬಾರಿಗೆ ರಕ್ತಮಾಂಸದ ಮನುಷ್ಯನಾಗಿ ತೆರೆಗೆ ಬರುತ್ತಿದ್ದ. ಹದಿನೈದು ಕಂತುಗಳ ಚಿತ್ರ, ಥಿಯೇಟರಿನಲ್ಲಿ ವಾರಕ್ಕೊಂದು ಕಂತು. ಪಾತ್ರಕ್ಕೆ ತಕ್ಕ ನಟ ಎಲ್ಲೂ ಸಿಗಲಿಲ್ಲ, ಆದ್ದರಿಂದ ಸ್ವತಃ ಸೂಪರ್‌ಮ್ಯಾನ್‌ನನ್ನೇ ಕರೆಸಿ ನಟಿಸಲು ಒಪ್ಪಿಸಿದ್ದೇವೆ ಎಂದು ಸ್ಟುಡಿಯೊ ಸಾರಿತು. ಆ ವೇಷದೊಳಗೆ ಬೆವರು ಸುರಿಸಿದ್ದವರು ಕರ್ಕ್ ಆ್ಯಲಿನ್ ಎಂಬ ನಟ. ನೃತ್ಯಗಾರರಾಗಿ ರಂಗದ ಮೇಲೆ ಪಳಗಿ ಸಿನಿಮಾಕ್ಕೆ ಬಂದವರು. ಸೂಪರ್‌ಮ್ಯಾನ್ ಪಾತ್ರ ಮಾಡಿದ್ದು ತಾವು ಎನ್ನುವ ಮನ್ನಣೆ ಅವರಿಗೆ ಆಗ ಸಿಗಲೇ ಇಲ್ಲ.

ಮಕ್ಕಳನ್ನು ಥಿಯೇಟರಿಗೆ ಸೆಳೆಯುವ ತಂತ್ರವಷ್ಟೇ ಎಂದು ಇದನ್ನು ಬದಿಗಿಡಬಹುದಿತ್ತು. ಆದರೆ ಕಾಮಿಕ್ಸ್ ನಾಯಕರ ಪಾತ್ರ ಮಾಡಿದ ನಟರ ಕಥೆಗಳನ್ನು ಓದುತ್ತಾ ಹೋದಂತೆ ಈ ಧೋರಣೆ ಮತ್ತೆ ಮತ್ತೆ ಎದುರಾಗುತ್ತದೆ. ವೇಷವೇ ಮುಖ್ಯ, ಒಳಗೆ ಯಾರಿದ್ದರೂ ನಡೆಯುತ್ತದೆ ಎಂಬ ಧೋರಣೆ ಅದು. ಯಾವ ಸೂಪರ್‌ಮ್ಯಾನ್ ಶ್ರೇಷ್ಠ, ಯಾವ ಬ್ಯಾಟ್‌ಮ್ಯಾನ್ ಉತ್ತಮ ಎಂದು ವಾದಿಸುವವರೂ ಹೆಚ್ಚಾಗಿ ನಟನ ಎತ್ತರ, ದವಡೆ, ತೋಳು ಹಾಗೂ ಚಿತ್ರದ ಮುಖಕ್ಕೆ ಎಷ್ಟು ಹೋಲುತ್ತಾನೆ ಎಂಬುದನ್ನೇ ಅಳೆಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸೂಪರ್‌ಹೀರೋ ಪಾತ್ರದ ಜೀವ ಇರುವುದು ನಮ್ಮವರು ಡಬಲ್ ಆ್ಯಕ್ಟಿಂಗ್ ಎನ್ನುತ್ತಾರಲ್ಲ, ಅದರಲ್ಲಿ. ಒಬ್ಬನೇ ಮನುಷ್ಯ, ಎರಡು ಬದುಕು. ಒಂದರ ಗುಟ್ಟು ಇನ್ನೊಂದಕ್ಕೆ ಭಾರ. ಆ ಎರಡರ ನಡುವಿನ ದಾರಿಯನ್ನು ನಟ ಹೇಗೆ ದಾಟುತ್ತಾನೆ ಎನ್ನುವುದೇ ನಿಜವಾದ ಪರೀಕ್ಷೆ.

ಈ ಪರೀಕ್ಷೆಯನ್ನು ಮೊದಲು ಗೆದ್ದವರು ತೆರೆಯ ಮೇಲೆ ಕಾಣಿಸಿಕೊಂಡವರೇ ಅಲ್ಲ. ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಬಂದ. 1940ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವನ ರೇಡಿಯೊ ನಾಟಕ ಶುರುವಾಯಿತು. ಬಡ್ ಕಾಲಿಯರ್ ಎಂಬ ಕಲಾವಿದರು ಪತ್ರಕರ್ತ ಕ್ಲಾರ್ಕ್ ಕೆಂಟ್ ಆಗಿಯೂ ಸೂಪರ್‌ಮ್ಯಾನ್ ಆಗಿಯೂ ಮಾತಾಡಬೇಕಿತ್ತು. ಕೇಪ್ ಇಲ್ಲ, ಕನ್ನಡಕ ಇಲ್ಲ, ಎದುರಿಗೆ ಮೈಕ್ ಮಾತ್ರ. ಕಾಲಿಯರ್ ಕ್ಲಾರ್ಕ್‌ನ ಮಾತನ್ನು ಏರುದನಿಯಲ್ಲಿ ಆರಂಭಿಸಿ, ಅದೇ ವಾಕ್ಯದ ನಡುವೆ ದನಿಯನ್ನು ಗಂಭೀರ ಮಂದ್ರಕ್ಕೆ ಇಳಿಸಿಬಿಡುತ್ತಿದ್ದರು. ವಾಕ್ಯ ಶುರು ಮಾಡಿದವನು ಕ್ಲಾರ್ಕ್, ಮುಗಿಸಿದವನು ಸೂಪರ್‌ಮ್ಯಾನ್. ಮನೆಯಲ್ಲಿ ಕುಳಿತ ಮಗುವಿಗೂ ಬಟ್ಟೆ ಬದಲಾದದ್ದು ಕಿವಿಯಲ್ಲೇ ಕಾಣುತ್ತಿತ್ತು. 1941ರಲ್ಲಿ ಫ್ಲೈಷರ್ ಸೋದರರ ಕಾರ್ಟೂನುಗಳಿಗೂ ಅವರೇ ದನಿಯಾದರು.

ಆದರೆ ಕೇಳುಗರಿಗೆ ಅವರ ಹೆಸರು ಗೊತ್ತಿರಲಿಲ್ಲ. ಸೂಪರ್‌ಮ್ಯಾನ್ ಪಾತ್ರಧಾರಿ ಯಾರೆಂಬುದನ್ನು ವರ್ಷಗಟ್ಟಲೆ ಗುಟ್ಟಾಗಿಡಲಾಗಿತ್ತು. 1946ರಲ್ಲಿ ಆ ನಾಟಕ ಕು ಕ್ಲಕ್ಸ್ ಕ್ಲಾನ್ ಮಾದರಿಯ ಮುಸುಕಿನ ದ್ವೇಷಪಡೆಯೊಂದರ ವಿರುದ್ಧ ಸೂಪರ್‌ಮ್ಯಾನ್‌ನನ್ನು ನಿಲ್ಲಿಸಿತು. ಮಕ್ಕಳ ಕಾರ್ಯಕ್ರಮವೊಂದು ಜನಾಂಗದ್ವೇಷವನ್ನು ಎದುರುಹಾಕಿಕೊಂಡದ್ದು ದೊಡ್ಡ ಸುದ್ದಿಯಾಯಿತು. ಆ ವರ್ಷವೇ ಕಾಲಿಯರ್ 'ಟೈಮ್' ಪತ್ರಿಕೆಯ ಮುಂದೆ ತಮ್ಮ ಹೆಸರಿನಲ್ಲೇ ಕಾಣಿಸಿಕೊಂಡರು.

ಆ್ಯಲಿನ್ ಅವರ ಪಾಡು ಇದಕ್ಕಿಂತ ಕಷ್ಟದ್ದು. ಅವರು ಓಡುತ್ತಾ ಬಂದು ನೆಲ ಬಿಟ್ಟು ಮೇಲೇಳುವ ಕ್ಷಣಕ್ಕೆ ತೆರೆಯ ಮೇಲಿನ ಮನುಷ್ಯ ಮಾಯವಾಗಿ, ಕೈಯಲ್ಲಿ ಬರೆದ ಕಾರ್ಟೂನ್ ಹಾರಿಹೋಗುತ್ತಿತ್ತು. ತಂತಿ ಕಟ್ಟಿ ಹಾರಿಸಿದ್ದು ನಂಬುವಂತಿಲ್ಲವೆಂದು ನಟನ ಜಾಗಕ್ಕೆ ಚಿತ್ರವನ್ನೇ ತಂದಿದ್ದರು. ಇಷ್ಟರ ನಡುವೆಯೂ ಅವರ ಕ್ಲಾರ್ಕ್ ಬೇರೆ, ಸೂಪರ್‌ಮ್ಯಾನ್ ಬೇರೆ ಎನ್ನುವುದು ಕಾಣುತ್ತದೆ. ನೆಗೆತದಲ್ಲಿ, ಹೆಜ್ಜೆ ಊರುವುದರಲ್ಲಿ ನೃತ್ಯಗಾರನ ಮೈ ಮಾತಾಡುತ್ತದೆ.

1950ರ ದಶಕದ ಟಿವಿ ಸೂಪರ್‌ಮ್ಯಾನ್ ಜಾರ್ಜ್ ರೀವ್ಸ್ ಅವರನ್ನು ಅಮೆರಿಕದ ಒಂದು ತಲೆಮಾರು ಮನೆಯವರಂತೆ ಪ್ರೀತಿಸಿತು. 104 ಕಂತುಗಳಲ್ಲಿ ಅವರಿದ್ದರು. ಆದರೆ ಅವರ ಕ್ಲಾರ್ಕ್ ಕೆಂಟ್ ಅಂಜುಬುರುಕನಲ್ಲ. ನೇರ ಕಣ್ಣಿಟ್ಟು ಮಾತಾಡುವ ಗಟ್ಟಿ ಪತ್ರಕರ್ತ. ಕನ್ನಡಕ ತೆಗೆದರೆ ಅದೇ ಮನುಷ್ಯ. ಅವರ ಆತ್ಮೀಯ ನಗೆಗೆ ಸೋಲದವರಿಲ್ಲ, ನನ್ನ ಪರೀಕ್ಷೆಯಲ್ಲಿ ಮಾತ್ರ ಅವರಿಗೆ ಹೆಚ್ಚು ಅಂಕ ಕೊಡಲಾರೆ. 1939ರ 'ಗಾನ್ ವಿತ್ ದ ವಿಂಡ್' ಚಿತ್ರದ ಆರಂಭದಲ್ಲೇ ಕಾಣಿಸಿಕೊಂಡಿದ್ದ ಆ ನಟನಿಗೆ ಸೂಪರ್‌ಮ್ಯಾನ್ ಆದಮೇಲೆ ಬೇರೆ ಒಳ್ಳೆಯ ಪಾತ್ರಗಳು ದಕ್ಕಲಿಲ್ಲ. 1959ರ ಜೂನ್‌ನಲ್ಲಿ ಮನೆಯಲ್ಲೇ ಗುಂಡೇಟಿನಿಂದ ತೀರಿಕೊಂಡರು. ಅದಾದಮೇಲೆ ಬಹುಕಾಲ ಈ ಪಾತ್ರಗಳೆಂದರೆ ಮಕ್ಕಳಾಟ ಎನ್ನುವ ಭಾವನೆಯೇ ಉಳಿಯಿತು. 1966ರಲ್ಲಿ ಆ್ಯಡಂ ವೆಸ್ಟ್ ಮಾಡಿದ ಟಿವಿ ಬ್ಯಾಟ್‌ಮ್ಯಾನ್ ಅದನ್ನು ಹಾಸ್ಯವಾಗಿಯೇ ಆಡಿ ಗೆದ್ದಿತು.

ಎಪ್ಪತ್ತರ ದಶಕದಲ್ಲಿ ಸಾಲ್ಕೈಂಡ್ ತಂದೆ-ಮಗ ಸೂಪರ್‌ಮ್ಯಾನ್ ಚಿತ್ರಕ್ಕೆ ಕೈಹಾಕಿದಾಗ ಅವರಿಗೆ ಬೇಕಿದ್ದದ್ದು ದೊಡ್ಡ ಹೆಸರುಗಳು. ನಾಯಕನ ತಂದೆಯ ಸಣ್ಣ ಪಾತ್ರಕ್ಕೆ ಮರ್ಲನ್ ಬ್ರಾಂಡೊ, ಖಳನಾಗಿ ಜೀನ್ ಹ್ಯಾಕ್‌ಮನ್ ಬಂದರು. ನಾಯಕನ ಪಾತ್ರಕ್ಕೂ ತಾರೆಯರ ಹುಡುಕಾಟ ನಡೆಯಿತು. ನಿರ್ದೇಶಕ ರಿಚರ್ಡ್ ಡಾನರ್ ಅವರದು ಇನ್ನೊಂದು ಹಟ: ಪರಿಚಿತ ಮುಖ ಆಕಾಶದಲ್ಲಿ ಹಾರಿದರೆ ಜನ ನಟನನ್ನೇ ನೋಡುತ್ತಾರೆ, ಸೂಪರ್‌ಮ್ಯಾನ್‌ನನ್ನು ನಂಬುವುದಿಲ್ಲ. ನಟರ ಆಯ್ಕೆ ನೋಡಿಕೊಳ್ಳುತ್ತಿದ್ದ ಲಿನ್ ಸ್ಟಾಲ್‌ಮಾಸ್ಟರ್ ಒಬ್ಬ ರಂಗನಟನ ಫೋಟೊವನ್ನು ಪಟ್ಟುಬಿಡದೆ ಮುಂದಿಡುತ್ತಿದ್ದರು. ಆ ನಟ ಕ್ರಿಸ್ಟೋಫರ್ ರೀವ್. ಇಪ್ಪತ್ತನಾಲ್ಕರ ಹರೆಯ, ಆರಡಿ ನಾಲ್ಕಂಗುಲ ಎತ್ತರ, ಆದರೆ ಪಾತ್ರಕ್ಕೆ ತೀರಾ ಸಣಕಲು ಎಂಬ ತಕರಾರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ನಟನೆ ಕಲಿತವರು. ಅಲ್ಲಿ ಸಹಪಾಠಿಯಾಗಿದ್ದ ರಾಬಿನ್ ವಿಲಿಯಮ್ಸ್ ಜೀವನವಿಡೀ ಗೆಳೆಯರಾಗಿ ಉಳಿದರು.

ಉಡುಪಿನೊಳಗೆ ಕೃತಕ ಸ್ನಾಯುಗಳನ್ನು ತುಂಬಿಸೋಣ ಎಂದಾಗ ರೀವ್ ಒಪ್ಪಲಿಲ್ಲ. 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಡಾರ್ತ್ ವೇಡರ್ ವೇಷ ತೊಟ್ಟಿದ್ದ ಬ್ರಿಟಿಷ್ ಭಾರ ಎತ್ತುಗಾರ ಡೇವಿಡ್ ಪ್ರೌಸ್ ಕೈಯಲ್ಲಿ ಕಸರತ್ತು ಮಾಡಿ ಮೈ ಬೆಳೆಸಿಕೊಂಡರು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅವರು ಕ್ಲಾರ್ಕ್ ಕೆಂಟ್‌ಗಾಗಿ ಮಾಡಿಕೊಂಡ ತಯಾರಿ. ಕ್ಲಾರ್ಕ್‌ಗೆ ಅವರು ಮಾದರಿಯಾಗಿಟ್ಟುಕೊಂಡದ್ದು 1938ರ 'ಬ್ರಿಂಗಿಂಗ್ ಅಪ್ ಬೇಬಿ' ಚಿತ್ರದ ಕ್ಯಾರಿ ಗ್ರಾಂಟ್. ಕನ್ನಡಕದ, ತಡವರಿಸುವ, ಹೆಣ್ಣಿನ ಮುಂದೆ ಕಕ್ಕಾಬಿಕ್ಕಿಯಾಗುವ ವಿಜ್ಞಾನಿ ಅಲ್ಲಿದ್ದಾನೆ. ಆ ಚಿತ್ರದ ನಾಯಕಿ ಕ್ಯಾಥರಿನ್ ಹೆಪ್‌ಬರ್ನ್. ಸೂಪರ್‌ಮ್ಯಾನ್ ಆಗುವುದಕ್ಕೆ ಸ್ವಲ್ಪ ಮೊದಲು, 1976ರಲ್ಲಿ, ಬ್ರಾಡ್‌ವೇ ನಾಟಕವೊಂದರಲ್ಲಿ ರೀವ್ ಅದೇ ಹೆಪ್‌ಬರ್ನ್ ಅವರ ಮೊಮ್ಮಗನಾಗಿ ನಟಿಸಿದ್ದರು. ಹಳೆಯ ಹಾಲಿವುಡ್‌ನ ಹಾಸ್ಯ ಕಾಮಿಕ್ಸ್ ನಾಯಕನ ಮೈಗೆ ಇಳಿದದ್ದು ಹೀಗೆ.

ಇನ್ನು ಆ ಅರೆ ನಿಮಿಷ. ಸೂಪರ್‌ಮ್ಯಾನ್ ತನ್ನ ಸಹೋದ್ಯೋಗಿ ಪತ್ರಕರ್ತೆ ಲೋಯಿಸ್‌ಳನ್ನು ರಾತ್ರಿಯ ಆಕಾಶದಲ್ಲಿ ಸುತ್ತಿಸಿ ಬಾಲ್ಕನಿಗೆ ಬಿಟ್ಟು ಹೋಗಿದ್ದಾನೆ. ಮರುಗಳಿಗೆಯಲ್ಲೇ ಬಾಗಿಲು ಬಡಿದು ಬರುವವನು ಕ್ಲಾರ್ಕ್. ಲೋಯಿಸ್ ಪಾತ್ರದ ಮಾರ್ಗಟ್ ಕಿಡ್ಡರ್ ಇನ್ನೂ ಆ ಗುಂಗಿನಲ್ಲೇ ಒಳಗೆ ಹೋಗುತ್ತಾರೆ. ಕ್ಲಾರ್ಕ್‌ಗೆ ಈಗ ಸತ್ಯ ಹೇಳಿಬಿಡಬೇಕು ಅನಿಸುತ್ತದೆ. ಕನ್ನಡಕ ತೆಗೆಯುತ್ತಾನೆ. ಗೂನಿದ್ದ ಬೆನ್ನು ನೆಟ್ಟಗಾಗುತ್ತದೆ, ಹೆಗಲು ಅಗಲವಾಗುತ್ತದೆ, ಕುತ್ತಿಗೆ ಮೇಲೇಳುತ್ತದೆ, ದನಿ ಆಳಕ್ಕೆ ಇಳಿಯುತ್ತದೆ. ಅದೇ ಕೋಟು, ಅದೇ ಟೈ, ಒಳಗಿನ ಮನುಷ್ಯ ಮಾತ್ರ ಬೇರೆ. ಆಮೇಲೆ ಧೈರ್ಯ ಸಾಲದೆ ಕನ್ನಡಕ ಮತ್ತೆ ಮೂಗಿನ ಮೇಲೆ ಬರುತ್ತದೆ. ಅಷ್ಟೂ ಎತ್ತರ ಕುಸಿದು ಕ್ಲಾರ್ಕ್ ಉಳಿಯುತ್ತಾನೆ. ಇಲ್ಲಿ ಟ್ರಿಕ್ ಫೋಟೊಗ್ರಫಿ ಇಲ್ಲ. ಚಿತ್ರಕ್ಕೆ ದೃಶ್ಯ ಪರಿಣಾಮಗಳಿಗಾಗಿ ವಿಶೇಷ ಆಸ್ಕರ್ ಬಂತು, ಆದರೆ ಇಡೀ ಚಿತ್ರದ ಅತಿ ದೊಡ್ಡ ಪವಾಡ ಈ ಮೈಮಾಟದ ಬದಲಾವಣೆ ಎಂದೇ ನಾನು ನಂಬಿದ್ದೇನೆ. ಕ್ರಾಪಿನ ಬೈತಲೆ ಕೂಡ ಕ್ಲಾರ್ಕ್‌ಗೆ ಒಂದು ಬದಿ, ಸೂಪರ್‌ಮ್ಯಾನ್‌ಗೆ ಇನ್ನೊಂದು ಬದಿ. ಈ ಚಿತ್ರ ಬಂದ 1978ರಲ್ಲೇ 'ಶಂಕರ್ ಗುರು' ಚಿತ್ರದ ಮೂರು ಪಾತ್ರಗಳಲ್ಲಿ ರಾಜ್‌ಕುಮಾರ್ ಅವರನ್ನು ಕಂಡಿದ್ದ ಕನ್ನಡದ ಪ್ರೇಕ್ಷಕರಿಗೆ ಈ ಕಲೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

1983ರ ಮೂರನೆಯ ಸೂಪರ್‌ಮ್ಯಾನ್ ಚಿತ್ರವನ್ನು ವಿಮರ್ಶಕರು ಜರೆದರು, ಜರೆದದ್ದು ಸರಿಯೇ. ಆದರೂ ಹಳೆಯ ಕಾರುಗಳ ಗುಜರಿಯಲ್ಲಿ ಕೆಟ್ಟುಹೋದ ಸೂಪರ್‌ಮ್ಯಾನ್ ಮತ್ತು ಕ್ಲಾರ್ಕ್ ಬೇರೆಬೇರೆಯಾಗಿ ಕಾದಾಡುವ ದೃಶ್ಯಕ್ಕಾಗಿ ಅದನ್ನು ನೋಡಬೇಕು. ಎರಡೂ ಮುಖಗಳು ರೀವ್ ಅವರವೇ. ಗಡ್ಡ ಬೆಳೆಸಿ, ಕೊಳಕಾದ ಕೇಪ್ ತೊಟ್ಟ ಬಲಶಾಲಿಯನ್ನು ಸಾಧು ಪತ್ರಕರ್ತ ಗೆಲ್ಲುತ್ತಾನೆ, ಅದನ್ನು ನಾವು ನಂಬುತ್ತೇವೆ.

ಬ್ಯಾಟ್‌ಮ್ಯಾನ್ ಸರದಿ ಬಂದಾಗ ಎದ್ದ ಜಗಳ ಇದೇ ಮಾತನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. 1988ರಲ್ಲಿ ಮೈಕಲ್ ಕೀಟನ್ ಹೆಸರು ಹೊರಬಿದ್ದಾಗ ಅಭಿಮಾನಿಗಳು ಕೆರಳಿದರು. ವಾರ್ನರ್ ಬ್ರದರ್ಸ್‌ಗೆ ಬಂದ ಪ್ರತಿಭಟನೆಯ ಪತ್ರಗಳು ಸುಮಾರು 50,000 ಎನ್ನುತ್ತಾರೆ. 'ವಾಲ್ ಸ್ಟ್ರೀಟ್ ಜರ್ನಲ್'ನಂಥ ಹಣಕಾಸಿನ ಪತ್ರಿಕೆಯೂ ಈ ಸಿಟ್ಟನ್ನು ಸುದ್ದಿ ಮಾಡಿತು. ಹಾಸ್ಯನಟ, ಕುಳ್ಳ, ದವಡೆ ಸಾಲದು ಎಂಬ ದೂರುಗಳು. ನಿರ್ದೇಶಕ ಟಿಮ್ ಬರ್ಟನ್ ಅವರ ತರ್ಕ ಸರಳವಾಗಿತ್ತು: ಭಾರೀ ಮೈಕಟ್ಟಿನವನಿಗೆ ಬಾವಲಿಯ ವೇಷ ಹಾಕಿ ಹೆದರಿಸುವ ಅಗತ್ಯವೇ ಇಲ್ಲ, ಒಳಗೆ ನೊಂದ ಸಾಮಾನ್ಯ ಮನುಷ್ಯನಿಗೆ ಮಾತ್ರ ಅದು ಬೇಕು. 1989ರ ಜೂನ್‌ನಲ್ಲಿ ಚಿತ್ರ ಬಂದಮೇಲೆ ಪತ್ರ ಬರೆದವರ ಸದ್ದಡಗಿತು. ರಬ್ಬರಿನ ಮುಸುಕಿನಲ್ಲಿ ಕೀಟನ್ ಅವರಿಗೆ ಕುತ್ತಿಗೆ ತಿರುಗಿಸಲಾಗುತ್ತಿರಲಿಲ್ಲ. ಇಡೀ ಎದೆಯನ್ನೇ ತಿರುಗಿಸುವ ಬಿಗಿ ನಡೆಯನ್ನು ಅವರು ಪಾತ್ರದ ಗುಣವಾಗಿಸಿದರು, ಉಳಿದದ್ದನ್ನು ಕಣ್ಣಿಂದ ಹೇಳಿದರು. ಅಲ್ಲೂ ಒಂದು ಮನೆಯ ದೃಶ್ಯವಿದೆ. ಬ್ರೂಸ್ ವೇನ್ ತಾನೇ ಬ್ಯಾಟ್‌ಮ್ಯಾನ್ ಎಂದು ಪ್ರೇಯಸಿ ವಿಕಿ ವೇಲ್‌ಗೆ ಹೇಳಲು ಒದ್ದಾಡುತ್ತಾನೆ, ಮಾತು ತುಟಿಗೆ ಬಂದು ನಿಲ್ಲುತ್ತದೆ, ಅಷ್ಟರಲ್ಲಿ ಜೋಕರ್ ಬಂದುಬಿಡುತ್ತಾನೆ. ರೀವ್ ಬೆನ್ನಿನಿಂದ ಮಾಡಿದ್ದನ್ನು ಕೀಟನ್ ಕೈಬೆರಳು, ತುಟಿಗಳಿಂದ ಮಾಡಿದರು.

2008ರ 'ಐರನ್ ಮ್ಯಾನ್' ಕೊನೆಯಲ್ಲಿ ಟೋನಿ ಸ್ಟಾರ್ಕ್ ಪತ್ರಿಕಾಗೋಷ್ಠಿಯಲ್ಲಿ ನಿಂತು ಆ ಹೇಳಲಾಗದ ಮಾತನ್ನು ಹೇಳಿಯೇಬಿಟ್ಟ. ರಾಬರ್ಟ್ ಡೌನಿ ಜೂನಿಯರ್ ಅದ್ಭುತವಾಗಿ ನಟಿಸಿದ್ದಾರೆ, ಆ ಚಿತ್ರಕ್ಕೆ ಆ ಅಂತ್ಯ ಸಹಜವೂ ಹೌದು. ಆದರೆ ಆಮೇಲೆ ಬಂದ ಚಿತ್ರಗಳ ಸಾಲಿನಲ್ಲಿ ಗುಟ್ಟು ಕಾಯುವ ನಾಯಕ ಅಪರೂಪವಾದ. ಗುಟ್ಟು ಹೋದಲ್ಲಿ ಎರಡನೆಯ ಪಾತ್ರವೂ ಹೋಯಿತು. 2013ರ 'ಮ್ಯಾನ್ ಆಫ್ ಸ್ಟೀಲ್'ನಲ್ಲಿ ಹೆನ್ರಿ ಕ್ಯಾವಿಲ್ ಕನ್ನಡಕ ಹಾಕಿ ಪತ್ರಿಕಾ ಕಚೇರಿಗೆ ಕಾಲಿಡುವುದು ಚಿತ್ರ ಮುಗಿಯುವ ಹೊತ್ತಿಗೆ. ನಟನ ಶ್ರಮವೆಲ್ಲ ಮೈಗೆ ಸರಿಯಿತು. ಸ್ನಾಯುಗಳು ಎದ್ದು ಕಾಣಲೆಂದು ಚಿತ್ರೀಕರಣಕ್ಕೆ ಮುನ್ನ ನೀರು ಕುಡಿಯುವುದನ್ನು ಬಿಟ್ಟ ಬಗೆಯನ್ನು ವುಲ್ವರಿನ್ ಪಾತ್ರಧಾರಿ ಹ್ಯೂ ಜಾಕ್‌ಮನ್ ಅವರೇ ಹೇಳಿಕೊಂಡಿದ್ದಾರೆ. 2017ರ 'ಜಸ್ಟಿಸ್ ಲೀಗ್'ನಲ್ಲಿ ಬೇರೆ ಚಿತ್ರಕ್ಕಾಗಿ ಬೆಳೆಸಿದ್ದ ಕ್ಯಾವಿಲ್ ಅವರ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಮೀಸೆಯೊಂದಿಗೆ ಮೇಲ್ದುಟಿಯ ಜೀವವೂ ಅಳಿಸಿಹೋಯಿತು.

ನನಗೆ ತೀರಾ ನೋವಾದದ್ದು 2023ರ 'ದ ಫ್ಲ್ಯಾಶ್' ನೋಡಿದಾಗ. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಚಲನೆ ಕಳೆದುಕೊಂಡ ರೀವ್ 2004ರಲ್ಲಿ ತೀರಿಕೊಂಡಿದ್ದರು. ಆ ಚಿತ್ರ ಅವರ ಮುಖವನ್ನು, ಜಾರ್ಜ್ ರೀವ್ಸ್ ಅವರ ಮುಖವನ್ನೂ, ಕಂಪ್ಯೂಟರಿನಲ್ಲಿ ಕಟ್ಟಿ ತೆರೆಯ ಮೇಲೆ ನಿಲ್ಲಿಸಿತು. ಕೇಪ್ ಹಾರಾಡುತ್ತದೆ, ಮುಖ ಸುಮ್ಮನೆ ನೋಡುತ್ತದೆ. ಬೆನ್ನು ಬಾಗಿಸಿ ನೆಟ್ಟಗೆ ಮಾಡಿ ಎರಡು ಬದುಕು ತೋರಿದ ನಟನಿಗೆ ಗೌರವ ಸಲ್ಲಿಸುವ ಬಗೆ ಇದಲ್ಲ. ನಟ ಬೇಕಿಲ್ಲ, ಆಕಾರ ಸಾಕು ಎಂದ 1948ರ ಆ ಪ್ರಚಾರವನ್ನು ಇಷ್ಟು ಹಣ ಸುರಿದು ನಿಜಮಾಡಿದಂತಾಯಿತು.

2025ರ ಜುಲೈನಲ್ಲಿ ಬಂದ ಜೇಮ್ಸ್ ಗನ್ ಅವರ 'ಸೂಪರ್‌ಮ್ಯಾನ್' ನನ್ನ ಸಿಟ್ಟನ್ನು ಸಾಕಷ್ಟು ತಣಿಸಿದೆ. ಡೇವಿಡ್ ಕೊರೆನ್ಸ್‌ವೆಟ್ ಕೂಡ ಜೂಲಿಯಾರ್ಡ್‌ನಲ್ಲಿ ಕಲಿತವರೇ. ಇಲ್ಲಿ ಲೋಯಿಸ್‌ಗೆ ಗುಟ್ಟು ಮೊದಲೇ ಗೊತ್ತು. ಆದರೂ ಅವಳ ಮನೆಯಲ್ಲಿ ಸಂದರ್ಶನ ಶುರುವಾದೊಡನೆ ಪ್ರೇಮಿ ಕ್ಲಾರ್ಕ್ ದನಿ ಬದಲಿಸಿ ಸೂಪರ್‌ಮ್ಯಾನ್ ಆಗಿ ಉತ್ತರಿಸತೊಡಗುತ್ತಾನೆ. ಪ್ರಶ್ನೆಗಳು ಚುಚ್ಚಿದಂತೆ ಆ ದನಿ ಬಿರಿದು ಒಳಗಿನ ಕ್ಲಾರ್ಕ್ ಸಿಡಿಯುತ್ತಾನೆ. ನಟ ಮತ್ತೆ ಪಾತ್ರದೊಳಕ್ಕೆ ಬಂದಿದ್ದಾನೆ. ರೀವ್ ಅವರ ಮಗ ವಿಲ್ ಅದೇ ಚಿತ್ರದಲ್ಲಿ ಟಿವಿ ವರದಿಗಾರನಾಗಿ ಕಾಣಿಸಿಕೊಂಡಿದ್ದಾರೆ. ಗೌರವ ಸಲ್ಲಿಸುವ ಬಗೆ ಇದು.

ನನ್ನ ಲೆಕ್ಕದಲ್ಲಿ ಕ್ರಿಸ್ಟೋಫರ್ ರೀವ್ ಮೊದಲಿಗರು, ಕೀಟನ್ ಎರಡನೆಯವರು, ಕೊರೆನ್ಸ್‌ವೆಟ್ ಮೂರನೆಯವರು. ನಿಮ್ಮ ಪಟ್ಟಿ ಬೇರೆ ಇರಬಹುದು. ಅದನ್ನು ಮಾಡುವ ಮುನ್ನ 1978ರ ಚಿತ್ರವನ್ನು ಮಕ್ಕಳ ಜೊತೆ ಕೂತು ಪೂರ್ತಿ ನೋಡಿ. ಹಾರಾಟದ ದೃಶ್ಯಗಳಿಗಿಂತ ಪತ್ರಿಕಾ ಕಚೇರಿಯ ದೃಶ್ಯಗಳನ್ನು ಹೆಚ್ಚು ಗಮನವಿಟ್ಟು ನೋಡಿ.