ಹಡಗಿನ ಡೆಕ್ ಮೇಲೆ ಒರಗುವ ಮುನ್ನ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ವಿಹಾರ ನೌಕೆಯ ಡೆಕ್ ಮೇಲೂ ಇದೇ ನಡೆಯುತ್ತದೆ. ಬೆಳಗಿನ ತಿಂಡಿ ಮುಗಿಯುವ ಮೊದಲೇ ಈಜುಕೊಳದ ಸುತ್ತಲಿನ ಒರಗು ಕುರ್ಚಿಗಳ ಮೇಲೆ ಟವೆಲುಗಳು ಹರಡಿರುತ್ತವೆ. ಆದರೆ ಹೀಗೆ ಅವಸರದಲ್ಲಿ ಹಿಡಿದ ಜಾಗ ದೇಹಕ್ಕೆ ಹಿತವೇ ಎಂದು ಯೋಚಿಸುವವರು ಕಡಿಮೆ. ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಹಡಗಿನಲ್ಲಿ ಹೋಗುವ ಕುಟುಂಬಗಳಲ್ಲಿ ವಯಸ್ಸಾದವರೂ ಮಕ್ಕಳೂ ಇರುತ್ತಾರೆ. ಅವರನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಮೊದಲೇ ತಿಳಿದಿದ್ದರೆ ಪ್ರಯಾಣ ಸುಖಕರವಾಗುತ್ತದೆ.

ತಂಗಾಳಿಯ ಮೋಸ

ಹಡಗು 18 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್‌ನಂತೆ ಸಾಗುತ್ತಿದ್ದರೆ, ಸಮುದ್ರದ ಮೇಲೆ ಎಲೆ ಅಲುಗದಷ್ಟು ಗಾಳಿಯಿದ್ದರೂ ಡೆಕ್ ಮೇಲೆ ಅಷ್ಟೇ ವೇಗದ ಗಾಳಿ ಮುಖಕ್ಕೆ ಬಡಿಯುತ್ತದೆ. ಬೆವರು ಕೂಡಲೇ ಆರುವುದರಿಂದ ಸೆಖೆಯೂ ತಿಳಿಯುವುದಿಲ್ಲ, ಬಾಯಾರಿಕೆಯೂ ತಿಳಿಯುವುದಿಲ್ಲ. ಆದರೆ ಗಾಳಿಯು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯಲಾರದು. ತೆಳು ಮೋಡವೂ ತಡೆಯಲಾರದು. ಅದರ ಮೂಲಕ ಶೇ 90ಕ್ಕಿಂತ ಹೆಚ್ಚು ಕಿರಣಗಳು ತೂರಿಬರಬಲ್ಲವು. ಮೇಲಿನಿಂದ ಬೀಳುವುದು ಸಾಲದೆಂಬಂತೆ ಸಮುದ್ರದ ನೊರೆಯು ಸುಮಾರು ಶೇ 25ರಷ್ಟು ಕಿರಣಗಳನ್ನು ಪ್ರತಿಫಲಿಸುತ್ತದೆ.

ನಮ್ಮ ಚರ್ಮದ ಕಂದು ಬಣ್ಣ ಸ್ವಲ್ಪ ರಕ್ಷಣೆ ನೀಡುವುದು ನಿಜ. ಆದರೆ ಅದು ಪೂರ್ಣ ರಕ್ಷಣೆಯಲ್ಲ. ಚರ್ಮ ಉರಿಯುವುದು, ಕೆನ್ನೆಯ ಮೇಲಿನ ಬಂಗು ಹೆಚ್ಚುವುದು, ಕಣ್ಣು ಕೆಂಪಾಗುವುದು ನಮ್ಮವರಿಗೂ ತಪ್ಪಿದ್ದಲ್ಲ.

ನೆರಳು ಯಾವ ಕಡೆ?

ಹಡಗು ಮುಂಬಯಿಯಿಂದ ದಕ್ಷಿಣಕ್ಕೆ ಹೊರಟಾಗ ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪೂರ್ವ, ಬಲಗಡೆ ಪಶ್ಚಿಮ. ಹಾಗಾಗಿ ಬೆಳಿಗ್ಗೆ ಬಲಗಡೆಯ ಓಣಿಯಲ್ಲಿ, ಮಧ್ಯಾಹ್ನದ ನಂತರ ಎಡಗಡೆಯಲ್ಲಿ ನೆರಳು ಸಿಗುತ್ತದೆ. ಹಿಂದಿರುಗುವಾಗ ಇದು ಅದಲುಬದಲು. ನಡುಹಗಲಿನಲ್ಲಿ ಮಾತ್ರ ಎರಡೂ ಕಡೆಯನ್ನು ನಂಬುವಂತಿಲ್ಲ. ತಲೆಯ ಮೇಲೆ ಸೂರು ಇರಲೇಬೇಕು. ಮೇಲಿನ ಡೆಕ್ ಅಥವಾ ರಕ್ಷಣಾ ದೋಣಿಗಳ ಕೆಳಗಿರುವ ಓಣಿಯಂಥ ಜಾಗ ಉತ್ತಮ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆ ಎಂದೇ ತಿಳಿಯಿರಿ.

ಇನ್ನೊಂದು ಮಾತು. ಮನೆಯಂಗಳದ ನೆರಳು ಸರಿಯಲು ಗಂಟೆಗಳು ಬೇಕು. ಹಡಗು ದಿಕ್ಕು ಬದಲಿಸಿದರೆ ಕೆಲವೇ ನಿಮಿಷಗಳಲ್ಲಿ ನೆರಳು ನಿಮ್ಮನ್ನು ಬಿಟ್ಟು ಹೋಗುತ್ತದೆ. ಎಚ್ಚರವಿದ್ದವರು ಎದ್ದು ಜಾಗ ಬದಲಿಸುತ್ತಾರೆ. ನಿದ್ದೆ ಹೋದವರ ಗತಿಯೇನು?

ಮಾತ್ರೆ, ನಿದ್ದೆ ಮತ್ತು ಬಿಸಿಲು

ಕಣ್ಣು ನೋಡುವುದಕ್ಕೂ ಒಳಗಿವಿ ಗ್ರಹಿಸುವ ಚಲನೆಗೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಇದೇ ಕಡಲ ಪ್ರಯಾಣದ ವಾಕರಿಕೆ. ಹಡಗಿನ ಮೂತಿ ಮತ್ತು ಹಿಂಭಾಗ ತೊಟ್ಟಿಲಿನಂತೆ ಏರಿಳಿಯುತ್ತವೆ. ಎತ್ತರದ ಡೆಕ್‌ಗಳು ಪಕ್ಕಕ್ಕೆ ಹೆಚ್ಚು ತೂಗುತ್ತವೆ. ಹಡಗಿನ ಉದ್ದದ ನಡುಭಾಗದಲ್ಲಿ, ಆದಷ್ಟು ಕೆಳಗಿನ ತೆರೆದ ಡೆಕ್‌ನಲ್ಲಿ ಅಲುಗಾಟ ಕಡಿಮೆ. ಅಲ್ಲಿ ಮುಂದಕ್ಕೆ ಮುಖಮಾಡಿ ಕುಳಿತು ದಿಗಂತವನ್ನು ನೋಡುತ್ತಿರಿ. ಪುಸ್ತಕ, ಮೊಬೈಲ್ ಬದಿಗಿಡಿ. ಹೊಗೆಗೊಳವೆಯ ಹೊಗೆ ಬೀಸುವ ಕಡೆ ಕೂರಬೇಡಿ. ಡೀಸೆಲ್ ವಾಸನೆಯಿಂದ ವಾಕರಿಕೆ ಹೆಚ್ಚುತ್ತದೆ.

ವಾಕರಿಕೆಗೆ ಬಳಸುವ ಪ್ರೊಮೆಥಜೀನ್‌ನಂಥ ಮಾತ್ರೆಗಳು ನಿದ್ದೆ ತರಿಸುತ್ತವೆ. ಅಷ್ಟೇ ಅಲ್ಲ, ಕೆಲವರ ಚರ್ಮ ಬಿಸಿಲಿಗೆ ಬೇಗ ಕೆರಳುವಂತೆಯೂ ಮಾಡುತ್ತವೆ. ಡಾಕ್ಸಿಸೈಕ್ಲಿನ್ ಎಂಬ ಜೀವಿರೋಧಕಕ್ಕೂ, ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಮಾತ್ರೆಗೂ ಇದೇ ಗುಣವಿದೆ. ಮಾತ್ರೆ ನುಂಗಿ ನೆರಳಿನಲ್ಲಿ ಮಲಗಿದ ವ್ಯಕ್ತಿ ಎರಡು ಗಂಟೆ ಕಳೆದು ಏಳುವಾಗ ನೆರಳು ಸರಿದು, ಮುಖ ಮತ್ತು ಪಾದಗಳು ಸುಟ್ಟಂತಾಗಿ, ನಾಲಿಗೆ ಒಣಗಿ, ತಲೆ ಸುತ್ತುತ್ತಿರುವ ಸಂದರ್ಭ ಅಪರೂಪವೇನಲ್ಲ. ಮಾತ್ರೆ ತೆಗೆದುಕೊಂಡವರು ಕ್ಯಾಬಿನ್‌ನಲ್ಲಿ ಮಲಗುವುದೇ ಮೇಲು. ಡೆಕ್ ಮೇಲೆ ಮಲಗಲೇಬೇಕೆಂದರೆ ಅರ್ಧ ಗಂಟೆಗೊಮ್ಮೆ ಎಬ್ಬಿಸಲು ಮನೆಯವರಿಗೆ ಹೇಳಿಡಿ. ಇಂಥ ಮಾತ್ರೆಯ ಜೊತೆ ಮದ್ಯ ಬೇಡ. ಪ್ರೊಮೆಥಜೀನ್ ಅನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಗ್ಲಾಕೋಮ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಹಿರಿಯರು, ಮಧುಮೇಹಿಗಳು, ಮಕ್ಕಳು

ಮಂಡಿನೋವಿರುವ ಹಿರಿಯರಿಗೆ ತಗ್ಗಾದ ಒರಗು ಕುರ್ಚಿಗಿಂತ ಕೈಯಿರುವ ನೇರ ಕುರ್ಚಿ ಒಳ್ಳೆಯದು. ಶೌಚಾಲಯ ಹತ್ತಿರವಿರಲಿ, ದಾರಿಯಲ್ಲಿ ಹಿಡಿದುಕೊಳ್ಳಲು ಕಂಬಿ ಇರಲಿ. ಹಡಗಿನ ಬಾಗಿಲುಗಳಿಗೆ ಎತ್ತರದ ಹೊಸ್ತಿಲು ಇರುವುದುಂಟು. ಎಡವಿ ಬೀಳದಂತೆ ಎಚ್ಚರವಿರಲಿ. ಈಜುಕೊಳದ ಪಕ್ಕದ ಒದ್ದೆ ನೆಲವಂತೂ ಬೇಡವೇ ಬೇಡ. ರಕ್ತದೊತ್ತಡದ ಮಾತ್ರೆ ಸೇವಿಸುವವರು ಮಲಗಿದಲ್ಲಿಂದ ಥಟ್ಟನೆ ಏಳದೆ, ಒಂದೆರಡು ನಿಮಿಷ ಕುಳಿತು ನಂತರ ಏಳಬೇಕು.

ಮಧುಮೇಹಿಗಳು ಡೆಕ್ ಮೇಲೆ ಬರಿಗಾಲಲ್ಲಿ ನಡೆಯಬಾರದು. ಬಿಸಿಲಿಗೆ ಕಾದ ನೆಲ ಪಾದವನ್ನು ಸುಟ್ಟರೂ ಸ್ಪರ್ಶಜ್ಞಾನ ಕುಂದಿದವರಿಗೆ ಅದು ಗೊತ್ತಾಗುವುದಿಲ್ಲ. ಅಂಥ ಸಣ್ಣ ಗುಳ್ಳೆಯೇ ಮುಂದೆ ಮಾಯದ ಹುಣ್ಣಾಗಬಹುದು. ಸಂಜೆ ಪಾದಗಳನ್ನು ಪರೀಕ್ಷಿಸಿಕೊಳ್ಳುವುದನ್ನು ಮರೆಯಬೇಡಿ.

ಮಕ್ಕಳಿರುವವರು ಕುರ್ಚಿಯನ್ನು ಅಂಚಿನ ಕಂಬಿಗೆ ತಾಗಿಸಿ ಹಾಕಬಾರದು. ದೊಡ್ಡವರಿಗೆ ಅದು ಕುರ್ಚಿ, ಮಗುವಿಗೆ ಅದೇ ಮೆಟ್ಟಿಲು.

ನೆನಪಿನಲ್ಲಿಡಿ

* ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸೂರಿನಡಿಯೇ ಕುಳಿತುಕೊಳ್ಳಿ. ನೆರಳಿನಲ್ಲೂ ಅಂಚಗಲದ ಟೊಪ್ಪಿಗೆ, ತೋಳು ಮುಚ್ಚುವ ಹತ್ತಿಬಟ್ಟೆ, ತಂಪುಕನ್ನಡಕ ಇರಲಿ.
* ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಲೇಪಿಸಿ. ಕಿವಿ, ಕುತ್ತಿಗೆ, ಪಾದದ ಮೇಲ್ಭಾಗ ಬಿಟ್ಟುಹೋಗದಿರಲಿ.
* ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ವೈದ್ಯರ ಮಾತಿನಂತೆ ನಡೆಯಬೇಕು.
* ಬಿಸಿಲಿನಲ್ಲಿದ್ದವರು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಡುತ್ತಿದ್ದರೆ ತಕ್ಷಣ ನೆರಳಿಗೆ ಕರೆತನ್ನಿ. ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತ ಹಡಗಿನ ವೈದ್ಯರಿಗೆ ಕರೆ ಕಳುಹಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಡಗು ಹತ್ತಿದ ದಿನವೇ ಒಮ್ಮೆ ಡೆಕ್ ಸುತ್ತಿ ನೆರಳು, ಕಂಬಿ, ಶೌಚಾಲಯ, ನೀರು ಎಲ್ಲಿವೆ ಎಂದು ನೋಡಿಟ್ಟುಕೊಳ್ಳಿ. ಟವೆಲ್ ಹಾಸುವುದು ಆಮೇಲಿನ ಮಾತು.