ನಿಮಗಿದು ಗೊತ್ತೆ? ಹರಡಿದ ಕ್ಯಾನ್ಸರ್‌ಗೂ ಚಿಕಿತ್ಸೆ ಇದೆ
ಯಾವುದೇ ಮನೆಯಲ್ಲಿ ಹಿರಿಯರಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ, ಬರಬರುತ್ತ ಅಂಬಲಿಯೂ ಕಷ್ಟವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಅನ್ನನಾಳದ ಕ್ಯಾನ್ಸರ್ ಇರಬಹುದು. ರೋಗ ಮುಂದುವರಿದಿದ್ದರೂ ಕೈಚೆಲ್ಲಬೇಕಿಲ್ಲ.

● ಅನ್ನನಾಳ ಕಟ್ಟಿಕೊಂಡರೆ ಎಂಡೋಸ್ಕೋಪಿ ಮೂಲಕ ಮಡಚಿದ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಇಳಿಸುತ್ತಾರೆ. ಅದು ಒಳಗೆ ಅರಳಿ ದಾರಿ ಬಿಡಿಸುತ್ತದೆ. ರೋಗಿ ಮತ್ತೆ ಮೆತ್ತನೆಯ ಊಟ ನುಂಗಬಲ್ಲರು.

● ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದರೂ, ಗಡ್ಡೆಗಳು ಕೆಲವೇ ಇದ್ದರೆ ಕತ್ತರಿಸಿ ತೆಗೆಯಬಹುದು. ಉಳಿದ ಯಕೃತ್ತು ಮತ್ತೆ ಬೆಳೆಯುತ್ತದೆ. ಕೆಲವರು ಪೂರ್ತಿ ಗುಣವಾಗುವುದೂ ಉಂಟು.

● ಕ್ಯಾನ್ಸರ್ ಹೊಟ್ಟೆಯ ಒಳಪೊರೆಗೆ ಹರಡಿದಾಗ, ಆಯ್ದ ರೋಗಿಗಳಿಗೆ ಗಡ್ಡೆ ತೆಗೆದ ಮೇಲೆ 41–43 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಕೀಮೋ ದ್ರಾವಣವನ್ನು ಹೊಟ್ಟೆಯೊಳಗೇ ಹರಿಸುತ್ತಾರೆ.

● ತೀವ್ರ ನೋವಿಗೆ ಮಾರ್ಫಿನ್ ಗುಳಿಗೆ ಇದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಚಟವಾಗುತ್ತದೆಂಬ ಭಯ ಬೇಡ.

● ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಆಸ್ಪತ್ರೆಗೆ ಹೊರಡುವಾಗ ರೇಷನ್ ಕಾರ್ಡ್, ಆಧಾರ್ ಮರೆಯದಿರಿ.